ಓದುಗರ ಪ್ರಶ್ನೆ, ನಮ್ಮ ಉತ್ತರ: ಆಂಗ್ಲೋ ಇಂಡಿಯನ್ ನಾಮನಿರ್ದೇಶನ ಮತ್ತು ಅಲ್ಪಸಂಖ್ಯಾತರ ಮೀಸಲು ಸ್ಥಾನಗಳು

ಶಾಸನಸಭೆಗಳಲ್ಲಿ ಅಲ್ಪಸಂಖ್ಯಾತರಿಗೆ ಇದ್ದ, ಇರುವ ಮತ್ತು ಇಲ್ಲದ ಮೀಸಲು ಸ್ಥಾನಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ; ದೀರ್ಘ ಪತ್ರಗಳನ್ನು ಸಂಕ್ಷೇಪಿಸಿದ್ದೇವೆ.

ನಾನು ಶಾಲೆಯಲ್ಲಿ ಓದುವಾಗ ಲೋಕಸಭೆಯ ಬಲ 545, ಕರ್ನಾಟಕ ವಿಧಾನಸಭೆಯದು 225 ಎಂದು ಬಾಯಿಪಾಠ ಮಾಡಿದ್ದೆ. ಈಗ ಮಗಳ ಪುಸ್ತಕದಲ್ಲಿ 543 ಮತ್ತು 224 ಎಂದಿದೆ. ಉಳಿದ ಸ್ಥಾನಗಳು ಯಾವಾಗ, ಹೇಗೆ ಹೋದವು?
(ಹಾವೇರಿಯ ಓದುಗರು)

ನೀವು ಓದಿದ್ದೂ ಸರಿ, ಮಗಳು ಓದುತ್ತಿರುವುದೂ ಸರಿ. ಲೋಕಸಭೆಗೆ ಜನರಿಂದ ಆಯ್ಕೆಯಾಗುವವರು 543 ಮಂದಿ. ಇವರ ಜೊತೆಗೆ, ಆಂಗ್ಲೋ ಇಂಡಿಯನ್ ಸಮುದಾಯಕ್ಕೆ ಸದನದಲ್ಲಿ ಸಾಕಷ್ಟು ಪ್ರಾತಿನಿಧ್ಯ ದೊರೆತಿಲ್ಲವೆಂದು ರಾಷ್ಟ್ರಪತಿಗಳಿಗೆ ಅನಿಸಿದರೆ ಆ ಸಮುದಾಯದಿಂದ ಇಬ್ಬರನ್ನು ಮೀರದಂತೆ ನಾಮನಿರ್ದೇಶನ ಮಾಡಲು ಸಂವಿಧಾನದ 331ನೇ ವಿಧಿ ಅವಕಾಶ ಕೊಟ್ಟಿತ್ತು. ವಿಧಾನಸಭೆಗಳ ಮಟ್ಟಿಗೆ ಇದೇ ಅಧಿಕಾರ 333ನೇ ವಿಧಿಯಂತೆ ರಾಜ್ಯಪಾಲರಿಗಿತ್ತು. ಮೊದಲು ಎಷ್ಟು ಮಂದಿ ಎಂಬುದನ್ನು ರಾಜ್ಯಪಾಲರ ವಿವೇಚನೆಗೇ ಬಿಡಲಾಗಿತ್ತು. 1969ರ 23ನೇ ತಿದ್ದುಪಡಿ ಅದನ್ನು ಒಬ್ಬರಿಗೆ ಇಳಿಸಿತು. ನಮ್ಮ ವಿಧಾನಸಭೆಯ 225ನೇ ಸದಸ್ಯರು ಹಾಗೆ ಬಂದವರು.

ಈ ಎರಡು ವಿಧಿಗಳಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೀಸಲು ಕ್ಷೇತ್ರಗಳಿಗೂ 334ನೇ ವಿಧಿ ಹತ್ತು ವರ್ಷಗಳ ಒಂದೇ ಗಡುವನ್ನು ಹಾಕಿತ್ತು. 1960ಕ್ಕೆ ಮುಗಿಯಬೇಕಿದ್ದದ್ದು ಹತ್ತು ಹತ್ತು ವರ್ಷಗಳಂತೆ ಮುಂದುವರಿದು 2020ರವರೆಗೆ ಬಂತು, ಮತ್ತು ಪ್ರತಿ ಸಲವೂ ಎರಡು ವ್ಯವಸ್ಥೆಗಳನ್ನು ಒಟ್ಟಿಗೇ ಮುಂದುವರಿಸಲಾಯಿತು. 2019ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ 104ನೇ ತಿದ್ದುಪಡಿಯಲ್ಲಿ ಮೊದಲ ಬಾರಿಗೆ ಅವು ಬೇರೆಯಾದವು. ಪರಿಶಿಷ್ಟರ ಮೀಸಲಾತಿ 2030ರವರೆಗೆ ವಿಸ್ತರಣೆಯಾಯಿತು, ಆಂಗ್ಲೋ ಇಂಡಿಯನ್ನರ ನಾಮನಿರ್ದೇಶನದ ಅವಧಿ ಮಾತ್ರ ಎಪ್ಪತ್ತು ವರ್ಷಕ್ಕೇ ನಿಂತು 2020ರ ಜನವರಿ 25ರಂದು ಮುಗಿಯಿತು. 331 ಮತ್ತು 333ನೇ ವಿಧಿಗಳು ಸಂವಿಧಾನದ ಪುಸ್ತಕದಲ್ಲಿ ಇಂದಿಗೂ ಅಚ್ಚಾಗುತ್ತಿವೆ. ಅವುಗಳ ಆಯುಷ್ಯವಷ್ಟೇ ತೀರಿದೆ. ಗಡುವು ಮುಗಿದಾಗ ಅಸ್ತಿತ್ವದಲ್ಲಿದ್ದ ಸದನ ವಿಸರ್ಜನೆಯಾಗುವವರೆಗೆ ಅದರೊಳಗಿನ ಪ್ರಾತಿನಿಧ್ಯಕ್ಕೆ ಬಾಧೆಯಿಲ್ಲವೆಂದು 334ನೇ ವಿಧಿಯೇ ಹೇಳುವುದರಿಂದ, ಕರ್ನಾಟಕದಲ್ಲಿ 2018ರ ವಿಧಾನಸಭೆಯ ಅವಧಿಗೆ ನಾಮನಿರ್ದೇಶಿತ ಸ್ಥಾನ ಉಳಿದುಕೊಂಡು 2023ರಲ್ಲಿ ಆ ಸಭೆಯೊಂದಿಗೆ ಕೊನೆಗೊಂಡಿತು. ಲೋಕಸಭೆಗಾದರೋ 2019ರ ಚುನಾವಣೆಯ ನಂತರ ಯಾರನ್ನೂ ನಾಮನಿರ್ದೇಶನ ಮಾಡಿರಲೇ ಇಲ್ಲ.

ಆಂಗ್ಲೋ ಇಂಡಿಯನ್ ಎಂದರೆ ಯಾರು? ಇಂಗ್ಲಿಷ್ ಮನೆಮಾತಿನ ಕ್ರೈಸ್ತರೆಲ್ಲರೂ ಈ ಗುಂಪಿಗೆ ಸೇರುತ್ತಾರೆಯೆ? ಮಂಗಳೂರಿನ ಡಿಸೋಜ, ಪಿಂಟೋ ಕುಟುಂಬಗಳ ವಿಷಯವೇನು?
(ಉಡುಪಿಯ ಓದುಗರು)

ಸೇರುವುದಿಲ್ಲ. 366ನೇ ವಿಧಿಯ ಎರಡನೆಯ ಉಪವಿಧಿ ಇದಕ್ಕೆ ಸ್ಪಷ್ಟ ವ್ಯಾಖ್ಯೆ ಕೊಡುತ್ತದೆ. ಯಾವ ವ್ಯಕ್ತಿಯ ತಂದೆ, ಅಥವಾ ತಂದೆಯ ಕಡೆಯ ಗಂಡು ಪೀಳಿಗೆಯ ಪೂರ್ವಿಕರಲ್ಲಿ ಯಾರಾದರೂ ಯೂರೋಪಿಯನ್ ವಂಶದವರೋ, ಆದರೆ ಆ ವ್ಯಕ್ತಿ ಭಾರತದಲ್ಲಿ ನೆಲೆಸಿ, ತಾತ್ಕಾಲಿಕ ಉದ್ದೇಶಕ್ಕಲ್ಲದೆ ಇಲ್ಲೇ ವಾಸವಾಗಿದ್ದ ತಂದೆತಾಯಿಗೆ ಇಲ್ಲೇ ಹುಟ್ಟಿದವರೋ, ಅಂಥವರು ಆಂಗ್ಲೋ ಇಂಡಿಯನ್. ಇಲ್ಲಿ ಧರ್ಮದ ಪ್ರಸ್ತಾಪವಿಲ್ಲ, ಭಾಷೆಯ ಪ್ರಸ್ತಾಪವಿಲ್ಲ, ಇಂಗ್ಲೆಂಡಿನ ಪ್ರಸ್ತಾಪವೂ ಇಲ್ಲ. ಪೂರ್ವಿಕರು ಪೋರ್ಚುಗೀಸರೋ ಡಚ್ಚರೋ ಫ್ರೆಂಚರೋ ಆಗಿದ್ದರೂ ನಡೆಯುತ್ತದೆ. ಕರಾವಳಿಯ ಕೊಂಕಣಿ ಕ್ಯಾಥೊಲಿಕರಿಗೆ ಪೋರ್ಚುಗೀಸ್ ಉಪನಾಮಗಳು ಗೋವೆಯಲ್ಲಿ ಮತಾಂತರದ ಕಾಲಕ್ಕೆ ಬಂದವೇ ಹೊರತು ರಕ್ತಸಂಬಂಧದಿಂದ ಬಂದವಲ್ಲ. ಆದ್ದರಿಂದ ಉಪನಾಮವೊಂದೇ ಯಾರನ್ನೂ ಆಂಗ್ಲೋ ಇಂಡಿಯನ್ ಮಾಡುವುದಿಲ್ಲ.

ಈ ವ್ಯಾಖ್ಯೆಯ ದೊಡ್ಡ ಕೊರತೆ ಬೇರೆಡೆಗಿದೆ. ಆಂಗ್ಲೋ ಇಂಡಿಯನ್ ತಾಯಿ ಮತ್ತು ಬೇರೆ ಸಮುದಾಯದ ತಂದೆಗೆ ಹುಟ್ಟಿದ ಮಗು ಆ ತಾಯಿಯ ಮನೆಯಲ್ಲೇ ಬೆಳೆದರೂ ಕಾನೂನಿನ ಕಣ್ಣಿಗೆ ಹೊರಗಿನದು. 1935ರ ಭಾರತ ಸರ್ಕಾರ ಕಾಯಿದೆಯಿಂದ ಎತ್ತಿಕೊಂಡ ಈ ಗಂಡುವಂಶದ ಅಳತೆಯನ್ನು, ಸ್ತ್ರೀಪುರುಷ ಸಮಾನತೆಯನ್ನು ಮೂಲಭೂತ ಹಕ್ಕಾಗಿ ಬರೆದ ಅದೇ ಸಂವಿಧಾನ ಹಾಗೆಯೇ ಉಳಿಸಿಕೊಂಡದ್ದು ಅಚ್ಚರಿಯ ಸಂಗತಿ.

ಮುಸ್ಲಿಮರಿಗೆ, ಕ್ರೈಸ್ತರಿಗೆ, ಪಾರ್ಸಿಗಳಿಗೆ ಸಿಗದ ವಿಶೇಷ ಸ್ಥಾನ ಇಷ್ಟು ಚಿಕ್ಕ ಸಮುದಾಯಕ್ಕೆ ಮಾತ್ರ ಹೇಗೆ ಸಿಕ್ಕಿತು? ಬ್ರಿಟಿಷರು ಹೋಗುವಾಗ ಹಾಕಿದ ಷರತ್ತೇ ಇದಕ್ಕೆ ಕಾರಣವೆಂದು ಕೇಳಿದ್ದೇನೆ.
(ಮೈಸೂರಿನ ಓದುಗರು)

ಬ್ರಿಟಿಷರ ಷರತ್ತು ಎಂಬುದು ಸರಿಯಲ್ಲ. ಇದು ಸಂವಿಧಾನ ರಚನಾ ಸಭೆಯಲ್ಲಿ ಭಾರತೀಯರೇ ಕುಳಿತು ಮಾಡಿದ ತೀರ್ಮಾನ. ಅದಕ್ಕೂ ಮುಂಚಿನ ನಾಲ್ಕು ದಶಕಗಳ ಕಥೆ ತಿಳಿಯದಿದ್ದರೆ ಆ ತೀರ್ಮಾನ ವಿಚಿತ್ರವಾಗಿಯೇ ಕಾಣುತ್ತದೆ.

1909ರ ಮಿಂಟೋ ಮಾರ್ಲೆ ಸುಧಾರಣೆಯಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ಮತದಾರ ಪಟ್ಟಿಯ ವ್ಯವಸ್ಥೆ ಬಂತು. ಮುಸ್ಲಿಂ ಸದಸ್ಯರನ್ನು ಮುಸ್ಲಿಂ ಮತದಾರರು ಮಾತ್ರ ಆರಿಸುವ ಪದ್ಧತಿ ಅದು. 1919ರ ಕಾಯಿದೆ ಅದನ್ನು ಪಂಜಾಬಿನ ಸಿಖ್ಖರಿಗೆ, ಮದರಾಸಿನ ಭಾರತೀಯ ಕ್ರೈಸ್ತರಿಗೆ ಮತ್ತು ಕೆಲವು ಪ್ರಾಂತಗಳ ಯೂರೋಪಿಯನ್ನರು, ಆಂಗ್ಲೋ ಇಂಡಿಯನ್ನರಿಗೆ ವಿಸ್ತರಿಸಿತು. 1932ರ ಕೋಮುವಾರು ತೀರ್ಪು ದಲಿತರಿಗೂ ಪ್ರತ್ಯೇಕ ಮತದಾರ ವರ್ಗವನ್ನು ಘೋಷಿಸಿದಾಗ ಗಾಂಧೀಜಿ ಯೆರವಡಾ ಸೆರೆಮನೆಯಲ್ಲಿ ಉಪವಾಸ ಕೂತದ್ದು, ಅದೇ ಸೆಪ್ಟೆಂಬರ್‌ನಲ್ಲಿ ಅಂಬೇಡ್ಕರ್ ಅವರೊಂದಿಗೆ ಪುಣೆ ಒಪ್ಪಂದವಾಗಿ ಜಂಟಿ ಮತದಾರರ ನಡುವೆ ಮೀಸಲು ಸ್ಥಾನಗಳೆಂಬ ಮಾರ್ಗ ಹುಟ್ಟಿದ್ದು ಎಲ್ಲರಿಗೂ ತಿಳಿದ ಸಂಗತಿ. ಉಳಿದ ಸಮುದಾಯಗಳ ಪ್ರತ್ಯೇಕ ಪಟ್ಟಿಗಳು ಮಾತ್ರ 1935ರ ಕಾಯಿದೆಯಲ್ಲಿ ಹಾಗೆಯೇ ಮುಂದುವರಿದವು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಆಗ ಸೇರಿದ್ದ ಮದರಾಸು ಪ್ರಾಂತದ ವಿಧಾನಸಭೆಯನ್ನೇ ನೋಡಿ: ಒಟ್ಟು 215 ಸ್ಥಾನಗಳಲ್ಲಿ ಮುಸ್ಲಿಮರಿಗೆ 28, ಭಾರತೀಯ ಕ್ರೈಸ್ತರಿಗೆ 8, ಯೂರೋಪಿಯನ್ನರಿಗೆ 3, ಆಂಗ್ಲೋ ಇಂಡಿಯನ್ನರಿಗೆ 2 ಸ್ಥಾನಗಳನ್ನು ಎತ್ತಿಡಲಾಗಿತ್ತು, ಜಮೀನುದಾರರಿಗೆ, ವಾಣಿಜ್ಯ ಸಂಘಗಳಿಗೆ, ಕಾರ್ಮಿಕರಿಗೆ ಬೇರೆಯೇ ಇದ್ದವು.

ಅಂದರೆ ಸಂವಿಧಾನ ರಚನಾ ಸಭೆ ಹೊಸದಾಗಿ ಏನನ್ನೋ ಕೊಡುವ ಸ್ಥಿತಿಯಲ್ಲಿರಲಿಲ್ಲ. ಈಗಾಗಲೇ ಇದ್ದದ್ದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸಬೇಕಾಗಿತ್ತು. ಸರ್ದಾರ್ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿ ಮತ್ತು ಅದರಡಿ ಎಚ್. ಸಿ. ಮುಖರ್ಜಿಯವರ ನೇತೃತ್ವದ ಅಲ್ಪಸಂಖ್ಯಾತರ ಉಪಸಮಿತಿ ಈ ಕೆಲಸಕ್ಕೆ ಕೂತವು. ಮುಖರ್ಜಿಯವರು ಸ್ವತಃ ಬಂಗಾಳದ ಕ್ರೈಸ್ತರು. 1947ರ ಆಗಸ್ಟ್‌ನಲ್ಲಿ ಸಭೆಯ ಮುಂದೆ ಬಂದ ವರದಿ ಪ್ರತ್ಯೇಕ ಮತದಾರ ಪಟ್ಟಿಗಳನ್ನು ಪೂರ್ತಿಯಾಗಿ ತಿರಸ್ಕರಿಸಿತು, ಆದರೆ ಜಂಟಿ ಮತದಾನದಡಿ ಹತ್ತು ವರ್ಷಗಳ ಮಟ್ಟಿಗೆ ಮೀಸಲು ಸ್ಥಾನಗಳನ್ನು ಒಪ್ಪಿಕೊಂಡಿತು. 1948ರ ಕರಡು ಸಂವಿಧಾನವನ್ನು ತೆರೆದರೆ ಮುಸ್ಲಿಮರಿಗೂ, ಮದರಾಸು ಮತ್ತು ಮುಂಬಯಿಯ ಭಾರತೀಯ ಕ್ರೈಸ್ತರಿಗೂ ಮೀಸಲು ಸ್ಥಾನಗಳು ಪರಿಶಿಷ್ಟರ ಪಕ್ಕದಲ್ಲೇ ಕಾಣುತ್ತವೆ. ಪಾರ್ಸಿಗಳ ಪರವಾಗಿ ಸರ್ ಹೋಮಿ ಮೋದಿಯವರು ಮೀಸಲಾತಿಯ ಬೇಡಿಕೆಯನ್ನು ಅದಾಗಲೇ ಹಿಂದಕ್ಕೆ ತೆಗೆದುಕೊಂಡಿದ್ದರು.

ಆಂಗ್ಲೋ ಇಂಡಿಯನ್ನರ ಸಮಸ್ಯೆ ಬೇರೆ ಬಗೆಯದಾಗಿತ್ತು. ಅವರು ಕಲ್ಕತ್ತಾ, ಮದರಾಸು, ಬೆಂಗಳೂರು ದಂಡು, ಕೋಲಾರದ ಚಿನ್ನದ ಗಣಿ, ಹುಬ್ಬಳ್ಳಿಯಂಥ ರೈಲ್ವೆ ಊರುಗಳಲ್ಲಿ ಚದುರಿ ಹೋದವರು. ಮೀಸಲು ಕ್ಷೇತ್ರವೊಂದನ್ನು ಗೆರೆ ಎಳೆದು ಗುರುತಿಸೋಣವೆಂದರೆ ಅವರ ಜನಸಂಖ್ಯೆ ತಕ್ಕಮಟ್ಟಿಗಾದರೂ ಒಂದೆಡೆ ಸೇರಿರುವ ಜಿಲ್ಲೆ ದೇಶದಲ್ಲಿ ಎಲ್ಲೂ ಇರಲಿಲ್ಲ. ಆದ್ದರಿಂದ ಕ್ಷೇತ್ರ ಬೇಡ, ಚುನಾವಣೆಯಲ್ಲಿ ಸಾಕಷ್ಟು ಮಂದಿ ಗೆದ್ದು ಬರದಿದ್ದರೆ ಮಾತ್ರ ನಾಮನಿರ್ದೇಶನವಿರಲಿ ಎಂಬ ಸೂತ್ರಕ್ಕೆ ಸಮಿತಿ ಬಂತು. ಸಮುದಾಯದ ಪರವಾಗಿ ವಾದಿಸಿದ ಫ್ರಾಂಕ್ ಆಂಟನಿ ಇದಕ್ಕೆ ಒಪ್ಪಿದರು. ಅವರೊಂದಿಗೆ ಸಭೆಯಲ್ಲಿದ್ದ ಮತ್ತೊಬ್ಬ ಆಂಗ್ಲೋ ಇಂಡಿಯನ್ ಸದಸ್ಯ ಎಸ್. ಎಚ್. ಪ್ರೇಟರ್ ಅವರನ್ನು ರಾಜಕಾರಣಿಯಾಗಿ ಇಂದು ನೆನೆಯುವವರು ಕಡಿಮೆ. ವನ್ಯಜೀವಿಗಳ ಬಗ್ಗೆ ಆಸಕ್ತಿಯುಳ್ಳವರು ಮಾತ್ರ ಅವರ ಹೆಸರನ್ನು ಮರೆತಿಲ್ಲ.

ಮುಂದೆ ನಡೆದದ್ದೇ ನಿಮ್ಮ ಪ್ರಶ್ನೆಗೆ ನೇರವಾದ ಉತ್ತರ. ದೇಶ ವಿಭಜನೆಯ ಬಳಿಕ ವಾತಾವರಣ ಪೂರ್ತಿ ಬದಲಾಯಿತು. 1949ರ ಮೇ 11ರಂದು ಸಲಹಾ ಸಮಿತಿ ತನ್ನ ಹಿಂದಿನ ತೀರ್ಮಾನವನ್ನೇ ಮರುಪರಿಶೀಲಿಸಿ, ಪರಿಶಿಷ್ಟರನ್ನು ಬಿಟ್ಟು ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ಕೈಬಿಟ್ಟಿತು; ಅದೇ ತಿಂಗಳ ಕೊನೆಯ ವಾರದಲ್ಲಿ ಸಂವಿಧಾನ ರಚನಾ ಸಭೆ ಅದನ್ನು ಒಪ್ಪಿತು. ಕೈಬಿಡಬೇಕೆಂದು ಮುಂದಾದವರಲ್ಲಿ ಮುಖರ್ಜಿಯವರೇ ಪ್ರಮುಖರು. ಸಭೆಯ ಮುಸ್ಲಿಂ ಸದಸ್ಯೆ ಬೇಗಂ ಐಜಾಜ್ ರಸೂಲ್ ಅವರು ಮೀಸಲಾತಿ ಅಲ್ಪಸಂಖ್ಯಾತರನ್ನು ಬಹುಸಂಖ್ಯಾತರಿಂದ ಶಾಶ್ವತವಾಗಿ ಬೇರ್ಪಡಿಸುತ್ತದೆಂದು ವಾದಿಸಿದರು, ಕ್ರೈಸ್ತ ಪಾದ್ರಿಯೂ ಸಭೆಯ ಸದಸ್ಯರೂ ಆಗಿದ್ದ ಫಾದರ್ ಜೆರೋಮ್ ಡಿಸೋಜ ಕೂಡ ರದ್ದತಿಯನ್ನು ಬೆಂಬಲಿಸಿದರು. ಮದರಾಸಿನ ಮುಹಮ್ಮದ್ ಇಸ್ಮಾಯಿಲ್ ಅವರಂಥ ಕೆಲವರು ಕೊನೆಯವರೆಗೂ ವಿರೋಧಿಸಿದರು. ಆಗಿನ ವಾತಾವರಣದಲ್ಲಿ ಒಬ್ಬ ಮುಸ್ಲಿಂ ಸದಸ್ಯರಿಗೆ ಮೀಸಲಾತಿ ಬೇಕೆಂದು ಎದ್ದುನಿಂತು ಕೇಳುವುದು ಎಷ್ಟು ಕಷ್ಟವಾಗಿತ್ತೆಂಬುದನ್ನು ಗಮನಿಸದೆ, ಅಲ್ಪಸಂಖ್ಯಾತರು ಸ್ವಇಚ್ಛೆಯಿಂದ ಬಿಟ್ಟುಕೊಟ್ಟರೆಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದು ನ್ಯಾಯವಲ್ಲವೆಂದು ನಮ್ಮ ಭಾವನೆ. ಆಂಗ್ಲೋ ಇಂಡಿಯನ್ನರ ನಾಮನಿರ್ದೇಶನಕ್ಕೆ ಯಾರೂ ಕೈಹಾಕಲಿಲ್ಲ. ಅದು ಮೀಸಲು ಕ್ಷೇತ್ರವಲ್ಲದ್ದರಿಂದ ಯಾರ ಕ್ಷೇತ್ರವನ್ನೂ ಕಿತ್ತುಕೊಳ್ಳುತ್ತಿರಲಿಲ್ಲ, ಇಬ್ಬರಿಂದ ಯಾರಿಗೂ ಭಯವಿರಲಿಲ್ಲ.

ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಬೆಳೆದವನು ನಾನು. ಆಂಗ್ಲೋ ಇಂಡಿಯನ್ನರಿಗೆ ರೈಲ್ವೆಯಲ್ಲಿ ಮೀಸಲು ಕೆಲಸಗಳಿದ್ದವೆಂದು ಹಿರಿಯರು ಹೇಳುತ್ತಿದ್ದರು. ಅದೂ ಸಂವಿಧಾನದಲ್ಲಿತ್ತೆ?
(ಹುಬ್ಬಳ್ಳಿಯ ಓದುಗರು)

ಇತ್ತು. 336ನೇ ವಿಧಿ ರೈಲ್ವೆ, ಸುಂಕ, ಅಂಚೆ ಮತ್ತು ತಂತಿ ಇಲಾಖೆಗಳಲ್ಲಿ ಹಿಂದಿನಿಂದ ಬಂದಿದ್ದ ಮೀಸಲಾತಿಯನ್ನು ಮುಂದುವರಿಸಿ, ಎರಡೆರಡು ವರ್ಷಕ್ಕೊಮ್ಮೆ ಶೇಕಡಾ ಹತ್ತರಂತೆ ಇಳಿಸುತ್ತ ಹತ್ತನೆಯ ವರ್ಷಕ್ಕೆ ಮುಗಿಸಿತು. 337ನೇ ವಿಧಿ ಅವರ ಶಾಲೆಗಳ ಅನುದಾನಕ್ಕೂ ಇಂಥದೇ ಇಳಿಜಾರಿನ ಲೆಕ್ಕ ಹಾಕಿ, ಅನುದಾನ ಪಡೆಯುವ ಶಾಲೆ ತನ್ನ ಪ್ರವೇಶಗಳಲ್ಲಿ ಕನಿಷ್ಠ ಶೇಕಡಾ 40ನ್ನು ಇತರ ಸಮುದಾಯದ ಮಕ್ಕಳಿಗೆ ತೆರೆದಿಡಬೇಕೆಂದು ವಿಧಿಸಿತು. ನೌಕರಿ ಮತ್ತು ಅನುದಾನಗಳ ಗಡುವನ್ನು 1960ರಲ್ಲಿ ಯಾರೂ ವಿಸ್ತರಿಸಲಿಲ್ಲ. ಸಮುದಾಯದ ದಿನನಿತ್ಯದ ಬದುಕಿಗೆ ಶಾಸನಸಭೆಯ ಸ್ಥಾನಕ್ಕಿಂತ ಈ ಎರಡು ವಿಧಿಗಳೇ ಹೆಚ್ಚು ಬೇಕಾಗಿದ್ದವು. ಉಳಿದದ್ದು ಮಾತ್ರ ಸ್ಥಾನ.

ನಾಮನಿರ್ದೇಶಿತ ಸದಸ್ಯರಿಗೆ ಮತ ಹಾಕುವ ಹಕ್ಕಿತ್ತೆ? ಎಪ್ಪತ್ತು ವರ್ಷಗಳಲ್ಲಿ ಈ ವ್ಯವಸ್ಥೆಯಿಂದ ಸಮುದಾಯಕ್ಕೆ ಆದ ಉಪಯೋಗವೇನು?
(ಬೆಂಗಳೂರು ಮತ್ತು ತುಮಕೂರಿನ ಓದುಗರು)

ಸದನದೊಳಗೆ ಅವರಿಗೆ ಉಳಿದ ಸದಸ್ಯರಷ್ಟೇ ಹಕ್ಕಿತ್ತು. ಮಸೂದೆಗೂ ವಿಶ್ವಾಸಮತಕ್ಕೂ ಮತ ಹಾಕಬಹುದಿತ್ತು. ರಾಷ್ಟ್ರಪತಿ ಚುನಾವಣೆಯಲ್ಲಿ ಮತ್ತು ರಾಜ್ಯಸಭಾ ಚುನಾವಣೆಯಲ್ಲಿ ಚುನಾಯಿತ ಸದಸ್ಯರು ಮಾತ್ರ ಮತದಾರರಾದ್ದರಿಂದ ಅಲ್ಲಿ ಅವರಿಗೆ ಪ್ರವೇಶವಿರಲಿಲ್ಲ. ವಿಧಾನ ಪರಿಷತ್ತಿಗೆ ವಿಧಾನಸಭೆಯಿಂದ ನಡೆಯುವ ಆಯ್ಕೆಯಲ್ಲಿ ಇಂಥ ನಿರ್ಬಂಧವಿಲ್ಲ. 2015ರಲ್ಲಿ ತೆಲಂಗಾಣದ ನಾಮನಿರ್ದೇಶಿತ ಶಾಸಕರೊಬ್ಬರಿಗೆ ಪರಿಷತ್ ಚುನಾವಣೆಯ ಮತಕ್ಕಾಗಿ ಹಣದ ಆಮಿಷ ಒಡ್ಡಿದ ಆರೋಪದ ಪ್ರಕರಣ ಸುದ್ದಿಯಾದದ್ದು ಈ ಕಾರಣದಿಂದಲೇ.

ನಮ್ಮ ರಾಜ್ಯದವರಿಗೆ ಈ ಒಂದು ಮತದ ಬೆಲೆ ಚೆನ್ನಾಗಿ ಗೊತ್ತು. 2018ರ ಮೇ ತಿಂಗಳಲ್ಲಿ ಯಾವ ಪಕ್ಷಕ್ಕೂ ಬಹುಮತ ಬಾರದೆ, ಬಿ. ಎಸ್. ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿ ಬಹುಮತ ಸಾಬೀತುಪಡಿಸಬೇಕಾಗಿ ಬಂದಾಗ, ಸುಪ್ರೀಂ ಕೋರ್ಟ್ ಮೇ 18ರಂದು ಮರುದಿನವೇ ಬಲಪರೀಕ್ಷೆ ನಡೆಯಬೇಕೆಂದು ಆದೇಶಿಸಿದ್ದಷ್ಟೇ ಅಲ್ಲ, ಅದು ಮುಗಿಯುವವರೆಗೆ ಆಂಗ್ಲೋ ಇಂಡಿಯನ್ ಸದಸ್ಯರ ನಾಮನಿರ್ದೇಶನ ಕೂಡದೆಂದೂ ಹೇಳಿತು. ಒಂದು ಸಮುದಾಯದ ದನಿಗೆಂದು ಇಟ್ಟ ಸ್ಥಾನವನ್ನು ದೇಶದ ಅತ್ಯುನ್ನತ ನ್ಯಾಯಾಲಯ ಸರ್ಕಾರದ ಕೈಯಲ್ಲಿರುವ ಒಂದು ಹೆಚ್ಚುವರಿ ಮತವೆಂದು ಕಂಡು ತಡೆಹಿಡಿಯಬೇಕಾಯಿತೆಂದರೆ, ವ್ಯವಸ್ಥೆ ಎಲ್ಲಿಗೆ ಬಂದು ನಿಂತಿತ್ತೆಂಬುದು ತಿಳಿಯುತ್ತದೆ. ಕಾನೂನಿನಲ್ಲೇ ಇದಕ್ಕೆ ದಾರಿಯಿತ್ತು. ನಾಮನಿರ್ದೇಶನವೆಂದರೆ ಮಂತ್ರಿಮಂಡಲದ ಸಲಹೆ. ಮತ್ತು ಪಕ್ಷಾಂತರ ನಿಷೇಧದ ಹತ್ತನೆಯ ಅನುಸೂಚಿ ನಾಮನಿರ್ದೇಶಿತರಿಗೆ ಪಕ್ಷ ಸೇರಲು ಆರು ತಿಂಗಳ ಕಾಲಾವಕಾಶ ಕೊಡುತ್ತದೆ. 2014ರ ಲೋಕಸಭಾ ಚುನಾವಣೆಯಲ್ಲಿ ಪಕ್ಷವೊಂದರ ಅಭ್ಯರ್ಥಿಯಾಗಿ ನಿಂತು ಸೋತವರೇ ಮರುವರ್ಷ ಆಂಗ್ಲೋ ಇಂಡಿಯನ್ ಪ್ರತಿನಿಧಿಯಾಗಿ ಅದೇ ಲೋಕಸಭೆಯೊಳಗೆ ಬಂದ ಉದಾಹರಣೆಯಿದೆ. ಇದು ಯಾವುದೇ ಒಂದು ಪಕ್ಷದ ಚಾಳಿಯಲ್ಲ.

ಹಾಗೆಂದು ಎಪ್ಪತ್ತು ವರ್ಷವೂ ವ್ಯರ್ಥವೆಂದು ಹೇಳಲಾಗದು. ಎರಡು ಸದನಗಳನ್ನು ಬಿಟ್ಟರೆ ಮೊದಲನೆಯದರಿಂದ ಹತ್ತನೆಯ ಲೋಕಸಭೆಯವರೆಗೆ ಸದಸ್ಯರಾಗಿದ್ದ ಫ್ರಾಂಕ್ ಆಂಟನಿಯವರು ಇಂಗ್ಲಿಷನ್ನು ಸಂವಿಧಾನದ ಭಾಷೆಗಳ ಪಟ್ಟಿಯಾದ ಎಂಟನೆಯ ಅನುಸೂಚಿಗೆ ಸೇರಿಸಬೇಕೆಂಬ ಗೊತ್ತುವಳಿಯನ್ನು 1959ರಲ್ಲಿ ಮಂಡಿಸಿದರು. ಗೊತ್ತುವಳಿ ಫಲಿಸಲಿಲ್ಲ. ಆದರೆ ಆ ಚರ್ಚೆಯಲ್ಲೇ, ಆಗಸ್ಟ್ 7ರಂದು, ಹಿಂದಿಯೇತರ ರಾಜ್ಯಗಳ ಜನ ಬಯಸುವವರೆಗೆ ಇಂಗ್ಲಿಷ್ ಪರ್ಯಾಯ ಭಾಷೆಯಾಗಿ ಉಳಿಯುತ್ತದೆಂಬ ಭರವಸೆಯನ್ನು ನೆಹರೂ ಕೊಟ್ಟರು. 1963ರ ಅಧಿಕೃತ ಭಾಷಾ ಕಾಯಿದೆಯ ವಾದವಿವಾದವೆಲ್ಲ ಅದೇ ಭರವಸೆಯ ಸುತ್ತ ನಡೆಯಿತು. ಹಿಂದಿ ಹೇರಿಕೆಯ ವಿರುದ್ಧ ಮಾತಾಡುವಾಗ ನಾವು ಕನ್ನಡಿಗರು ಇಂದಿಗೂ ಎತ್ತಿ ತೋರಿಸುವ ಆ ಮಾತು ನೆಹರೂ ಬಾಯಿಂದ ಬರುವಂತೆ ಮಾಡಿದ್ದು ಜನರಿಂದ ಆಯ್ಕೆಯಾಗದ ಒಬ್ಬ ಸದಸ್ಯರ ಹಟ. ಸ್ಥಾನದಿಂದ ಏನಾಗುತ್ತದೆಂಬುದು ಅದರಲ್ಲಿ ಯಾರು ಕೂರುತ್ತಾರೆಂಬುದರ ಮೇಲೆ ನಿಂತಿತ್ತು, ಯಾರು ಕೂರಬೇಕೆಂಬುದರಲ್ಲಿ ಸಮುದಾಯಕ್ಕೆ ಮಾತಿರಲಿಲ್ಲ. ಈ ವ್ಯವಸ್ಥೆಯ ಮೂಲದೋಷ ಅದೇ ಎಂದು ನಾವು ತಿಳಿಯುತ್ತೇವೆ. ತನ್ನ ಪ್ರತಿನಿಧಿಯನ್ನು ತಾನೇ ಆರಿಸದ, ತೆಗೆದುಹಾಕಲೂ ಆಗದ ಸಮುದಾಯಕ್ಕೆ ಆ ಪ್ರತಿನಿಧಿ ಉತ್ತರ ಹೇಳಬೇಕಾದ ಅಗತ್ಯವೇ ಬೀಳುವುದಿಲ್ಲ.

ನಮ್ಮದು ಆಂಗ್ಲೋ ಇಂಡಿಯನ್ ಕುಟುಂಬ. ದೇಶದಲ್ಲಿ ನಾವು 296 ಮಂದಿ ಮಾತ್ರ ಇದ್ದೇವೆಂದು ಸಂಸತ್ತಿನಲ್ಲಿ ಹೇಳಿದರು. ನಮ್ಮ ಒಂದು ಚರ್ಚಿನ ಕ್ರಿಸ್ಮಸ್ ಪೂಜೆಗೇ ಅದಕ್ಕಿಂತ ಹೆಚ್ಚು ಜನ ಸೇರುತ್ತೇವೆ. ಈ ಲೆಕ್ಕ ಎಲ್ಲಿಂದ ಬಂತು?
(ಕೋಲಾರ ಚಿನ್ನದ ಗಣಿ ಪ್ರದೇಶದ ಓದುಗರು)

ನಿಮ್ಮ ಅಸಮಾಧಾನ ನ್ಯಾಯವಾದದ್ದು. 2019ರ ಡಿಸೆಂಬರ್‌ನಲ್ಲಿ ಆಗಿನ ಕಾನೂನು ಸಚಿವ ರವಿಶಂಕರ್ ಪ್ರಸಾದ್ ಅವರು 2011ರ ಜನಗಣತಿಯ ಹೆಸರಿನಲ್ಲಿ ಈ ಸಂಖ್ಯೆಯನ್ನು ಸದನದ ಮುಂದಿಟ್ಟರು. ಸಮುದಾಯದ ಸಂಘಟನೆಗಳು ಕೂಡಲೇ ಅದನ್ನು ತಳ್ಳಿಹಾಕಿ, ತಮ್ಮ ಸಂಖ್ಯೆ ಲಕ್ಷಗಳಲ್ಲಿದೆಯೆಂದವು. ಆ ಜನಗಣತಿಯ ನಮೂನೆಯಲ್ಲಿ ಧರ್ಮಕ್ಕೆ ಕಾಲಂ ಇತ್ತು, ಮಾತೃಭಾಷೆಗೆ ಇತ್ತು, ಪರಿಶಿಷ್ಟ ಜಾತಿ ಅಥವಾ ಪಂಗಡವೇ ಎಂಬುದಕ್ಕೆ ಇತ್ತು. ನೀವು ಆಂಗ್ಲೋ ಇಂಡಿಯನ್ನರೆ ಎಂದು ಕೇಳುವ ಕಾಲಂ ಇರಲಿಲ್ಲ. ಕೇಳದ ಪ್ರಶ್ನೆಗೆ ಎಣಿಕೆ ಹೇಗೆ ಸಿಗುತ್ತದೆ? ಕ್ರೈಸ್ತರು, ಮನೆಮಾತು ಇಂಗ್ಲಿಷ್ ಎಂದು ಬರೆಸಿದ ನಿಮ್ಮಂಥ ಕುಟುಂಬಗಳು ಬೇರೆ ಬೇರೆ ಕೋಷ್ಟಕಗಳಲ್ಲಿ ಹಂಚಿಹೋಗುತ್ತವೆ. ಬೆಂಗಳೂರಿನ ಕಾಕ್ಸ್ ಟೌನ್, ಕುಕ್ ಟೌನ್, ರಿಚರ್ಡ್ಸ್ ಟೌನ್‌ಗಳಲ್ಲಿ ಒಂದು ಮಧ್ಯಾಹ್ನ ನಡೆದಾಡಿದವರಿಗೂ ದೇಶಾದ್ಯಂತ 296 ಎಂಬ ಮಾತು ನಂಬಲು ಕಷ್ಟ.

1940ರ ದಶಕದಿಂದಲೇ ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳತ್ತ ವಲಸೆ ಹರಿದು ಸಮುದಾಯ ಕುಗ್ಗಿರುವುದು ನಿಜ. ಚಾಮರಾಜೇಂದ್ರ ಒಡೆಯರ್ ಕೊಟ್ಟ ಭೂಮಿಯಲ್ಲಿ 1882ರಲ್ಲಿ ಆಂಗ್ಲೋ ಇಂಡಿಯನ್ನರ ಬೇಸಾಯದ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡ್ ಇಂದು ಸಾಫ್ಟ್‌ವೇರ್ ಬಡಾವಣೆಯೆಂದೇ ಪ್ರಸಿದ್ಧ. ನಾಮನಿರ್ದೇಶನ ಸಾಕೆಂದು ಸರ್ಕಾರ ವಾದಿಸಬಹುದಿತ್ತು, ನಾವು ಮೇಲೆ ಹೇಳಿದ ಕಾರಣಗಳಿಗಾಗಿ ಆ ವಾದಕ್ಕೆ ತೂಕವೂ ಇತ್ತು. ಆದರೆ ವಾದ ಹೂಡದೆ, ಸಮುದಾಯವನ್ನು ಕರೆದು ಕೇಳದೆ, ಇಂಥದೊಂದು ಎಣಿಕೆಯ ಆಧಾರದ ಮೇಲೆ ಗಡುವನ್ನು ಸುಮ್ಮನೆ ತೀರಲು ಬಿಟ್ಟದ್ದು ಸರಿಯಾದ ಕ್ರಮವಲ್ಲ. ಸಂಖ್ಯೆ ಕಡಿಮೆಯಾದದ್ದೇ ಪ್ರಾತಿನಿಧ್ಯ ಕಿತ್ತುಕೊಳ್ಳಲು ಕಾರಣವೆನ್ನುವುದಾದರೆ, ಆ ವಿಧಿ ಇದ್ದದ್ದೇ ಚುನಾವಣೆಯಲ್ಲಿ ಗೆಲ್ಲುವಷ್ಟು ಸಂಖ್ಯೆ ಇಲ್ಲದವರಿಗಾಗಿ ಎಂಬುದನ್ನು ಮರೆತಂತಾಯಿತು.

ಮೀಸಲು ಕ್ಷೇತ್ರದಲ್ಲಿ ಮತ ಹಾಕುವವರು ಪರಿಶಿಷ್ಟರು ಮಾತ್ರವೆ? ದಲಿತ ಕ್ರೈಸ್ತರು ಅಥವಾ ಮುಸ್ಲಿಮರು ಅಲ್ಲಿ ಸ್ಪರ್ಧಿಸಬಹುದೆ?
(ಕಲಬುರಗಿಯ ಓದುಗರು)

ಮೊದಲನೆಯ ಭಾಗಕ್ಕೆ ಉತ್ತರ ಸುಲಭ. ನಿಮ್ಮ ಕಲಬುರಗಿ ಲೋಕಸಭಾ ಕ್ಷೇತ್ರವೇ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿ ಪಟ್ಟಿಯಲ್ಲಿರುವ ಎಲ್ಲರೂ ಮತ ಹಾಕುತ್ತಾರೆ, ಅಭ್ಯರ್ಥಿ ಮಾತ್ರ ಪರಿಶಿಷ್ಟ ಜಾತಿಯವರಾಗಿರಬೇಕು. ರಾಜ್ಯದ 28 ಲೋಕಸಭಾ ಕ್ಷೇತ್ರಗಳಲ್ಲಿ 5 ಪರಿಶಿಷ್ಟ ಜಾತಿಗೆ, 2 ಪರಿಶಿಷ್ಟ ಪಂಗಡಕ್ಕೆ. ವಿಧಾನಸಭೆಯಲ್ಲಿ ಇವು ಕ್ರಮವಾಗಿ 36 ಮತ್ತು 15.

ಎರಡನೆಯದು ಜಟಿಲ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯವರೆನಿಸಲು ಹಿಂದೂ ಧರ್ಮದವರಾಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಹೊರಗೇ ಉಳಿದಿದ್ದಾರೆ, ಆದ್ದರಿಂದ ಮೀಸಲು ಕ್ಷೇತ್ರದಲ್ಲಿ ಸ್ಪರ್ಧಿಸಲಾರರು. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಧರ್ಮದ ನಿರ್ಬಂಧವನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು. 2022ರಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗವನ್ನು ನೇಮಿಸಿತು. ಪರಿಶಿಷ್ಟ ಪಂಗಡಗಳಿಗೆ ಧರ್ಮದ ಷರತ್ತೇ ಇಲ್ಲ. ಅರುವತ್ತರಲ್ಲಿ 59 ಸ್ಥಾನಗಳು ಪಂಗಡಗಳಿಗೆ ಮೀಸಲಾಗಿರುವ ನಾಗಾಲ್ಯಾಂಡ್ ವಿಧಾನಸಭೆಯಲ್ಲಿ ಕ್ರೈಸ್ತರೇ ತುಂಬಿರುವುದು ಆ ಕಾರಣದಿಂದ.

ಇದಕ್ಕೆ ಸೇರಿದ ಇನ್ನೊಂದು ಅಂಶವನ್ನು ಹೇಳಲೇಬೇಕು. ಮುಸ್ಲಿಮರು ದೊಡ್ಡ ಪ್ರಮಾಣದಲ್ಲಿರುವ ಕೆಲವು ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲಾಗಿ, ಪರಿಶಿಷ್ಟರು ಹೆಚ್ಚಿರುವ ಬೇರೆ ಕ್ಷೇತ್ರಗಳು ಸಾಮಾನ್ಯವಾಗಿ ಉಳಿದಿರುವುದನ್ನು ಮುಸ್ಲಿಮರ ಸ್ಥಿತಿಗತಿಯನ್ನು ಅಧ್ಯಯನ ಮಾಡಿದ 2006ರ ಸಾಚಾರ್ ಸಮಿತಿ ಗುರುತಿಸಿ, ಕ್ಷೇತ್ರಗಳ ಮರುವಿಂಗಡಣೆಯಲ್ಲಿ ಇದನ್ನು ಗಮನಿಸಬೇಕೆಂದಿತು. ಅಂಥ ಕ್ಷೇತ್ರಗಳಲ್ಲಿ ಒಂದು ಅಂಚಿನ ಸಮುದಾಯದ ಹಕ್ಕು ಮತ್ತೊಂದು ಅಂಚಿನ ಸಮುದಾಯದ ಅವಕಾಶಕ್ಕೆ ಅಡ್ಡ ಬರುತ್ತದೆ. ಇದಕ್ಕೆ ಹೊಸ ಮೀಸಲಾತಿಯೇ ಬೇಕೆಂದಿಲ್ಲ. ಗೆರೆ ಎಳೆಯುವವರು ಎಚ್ಚರದಿಂದ ಎಳೆದರೂ ಅರ್ಧ ಕೆಲಸವಾಗುತ್ತದೆ.

ಹಾಗಾದರೆ ಧರ್ಮದ ಆಧಾರದ ಸ್ಥಾನ ಇಂದು ದೇಶದಲ್ಲಿ ಎಲ್ಲೂ ಇಲ್ಲವೆ?
(ಶಿವಮೊಗ್ಗದ ಓದುಗರು)

ಒಂದಿದೆ. 32 ಸ್ಥಾನಗಳ ಸಿಕ್ಕಿಂ ವಿಧಾನಸಭೆಯಲ್ಲಿ ಸಂಘ ಎಂಬ ಕ್ಷೇತ್ರವಿದೆ. ಅದಕ್ಕೆ ಭೂಪಟದಲ್ಲಿ ಗಡಿಯಿಲ್ಲ. ರಾಜ್ಯದ ಮಾನ್ಯತೆ ಪಡೆದ ಬೌದ್ಧ ಮಠಗಳ ಭಿಕ್ಷುಗಳು ಮತ್ತು ಭಿಕ್ಷುಣಿಯರೇ ಅದರ ಮತದಾರರು, ಅವರಲ್ಲೊಬ್ಬರೇ ಅಭ್ಯರ್ಥಿ. ರಾಜಪ್ರಭುತ್ವದ ಕಾಲದಿಂದ ಬಂದ ಈ ಪದ್ಧತಿ 1975ರಲ್ಲಿ ಸಿಕ್ಕಿಂ ಭಾರತಕ್ಕೆ ಸೇರಿದಾಗ 371ಎಫ್ ವಿಧಿಯ ಆಶ್ರಯದಲ್ಲಿ ಉಳಿಯಿತು. 1947ರಲ್ಲೇ ಸಂವಿಧಾನ ರಚನಾ ಸಭೆ ತಿರಸ್ಕರಿಸಿದ ಪ್ರತ್ಯೇಕ ಮತದಾರ ವರ್ಗವೇ ಇದಲ್ಲವೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದಾಗ, 1993ರ ಬಹುಮತದ ತೀರ್ಪು ಸಿಕ್ಕಿಂನ ವಿಶಿಷ್ಟ ಇತಿಹಾಸವನ್ನು ಮುಂದಿಟ್ಟು ಅದನ್ನು ಎತ್ತಿಹಿಡಿಯಿತು.

ನಾಮನಿರ್ದೇಶನವೂ ದೇಶದಿಂದ ಪೂರ್ತಿ ಹೋಗಿಲ್ಲ. 2023ರ ತಿದ್ದುಪಡಿಯೊಂದು ಜಮ್ಮು ಮತ್ತು ಕಾಶ್ಮೀರ ವಿಧಾನಸಭೆಗೆ ಕಾಶ್ಮೀರಿ ವಲಸಿಗರಿಂದ ಇಬ್ಬರನ್ನು, ಪಾಕಿಸ್ತಾನದ ಹಿಡಿತದಲ್ಲಿರುವ ಪ್ರದೇಶದಿಂದ ನಿರಾಶ್ರಿತರಾಗಿ ಬಂದವರಲ್ಲಿ ಒಬ್ಬರನ್ನು ನಾಮನಿರ್ದೇಶನ ಮಾಡುವ ಅಧಿಕಾರವನ್ನು ಲೆಫ್ಟಿನೆಂಟ್ ಗವರ್ನರ್‌ಗೆ ಕೊಟ್ಟಿತು. ಚದುರಿದ ಸಮುದಾಯಕ್ಕೆ ನಾಮನಿರ್ದೇಶನವೇ ತಕ್ಕ ದಾರಿಯೆಂಬ ತರ್ಕ 2019ರಲ್ಲಿ ಒಂದು ಸಮುದಾಯದ ಮಟ್ಟಿಗೆ ಸವೆದು, ನಾಲ್ಕೇ ವರ್ಷಗಳಲ್ಲಿ ಇನ್ನೊಂದರ ಮಟ್ಟಿಗೆ ಮರಳಿ ಬಂದಿದೆ.

ಆಂಗ್ಲೋ ಇಂಡಿಯನ್ ಸ್ಥಾನಗಳನ್ನು ಮತ್ತೆ ತರಲು ಸಾಧ್ಯವೆ? ಇಲ್ಲವಾದರೆ ಸಮುದಾಯಕ್ಕೆ ಬೇರೆ ದಾರಿ ಯಾವುದು?
(ಬೆಂಗಳೂರಿನ ಓದುಗರು)

ತರಬೇಕಾದರೆ 334ನೇ ವಿಧಿಗೆ ಮತ್ತೊಂದು ತಿದ್ದುಪಡಿ ಬೇಕು. ಪ್ರತಿ ಸದನದಲ್ಲಿ ಒಟ್ಟು ಸದಸ್ಯಬಲದ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗದ ಬೆಂಬಲ ಸಿಕ್ಕ ಮೇಲೆ, ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಅನುಮೋದಿಸಬೇಕು. 104ನೇ ತಿದ್ದುಪಡಿಗೆ ಹೀಗೆ ಅನುಮೋದನೆ ಕೊಡಲೆಂದೇ ಹಲವು ರಾಜ್ಯಗಳು ತರಾತುರಿಯಲ್ಲಿ ವಿಶೇಷ ಅಧಿವೇಶನ ಕರೆದಿದ್ದವು. ಇಂದಿನ ರಾಜಕೀಯದಲ್ಲಿ ಅಷ್ಟು ಶ್ರಮವನ್ನು ಈ ಎರಡು ಸ್ಥಾನಗಳಿಗಾಗಿ ಯಾರಾದರೂ ಪಡುತ್ತಾರೆಂದು ನಮಗೆ ಅನಿಸುವುದಿಲ್ಲ.

ತಿದ್ದುಪಡಿ ಬೇಡದ ದಾರಿಗಳಿವೆ. ಮೊದಲನೆಯದು ಪಕ್ಷಗಳ ಟಿಕೆಟ್. ಪಶ್ಚಿಮ ಬಂಗಾಳದಿಂದ ರಾಜ್ಯಸಭೆಗೆ ಆಯ್ಕೆಯಾದ ಡೆರೆಕ್ ಓಬ್ರಿಯನ್ ಇದೇ ಸಮುದಾಯದವರು. ಅವರ ತಂದೆ ನೀಲ್ ಓಬ್ರಿಯನ್ ಹಿಂದೆ ಲೋಕಸಭೆಗೆ ನಾಮನಿರ್ದೇಶನಗೊಂಡಿದ್ದರು. ಎರಡನೆಯದು ನಮ್ಮ ರಾಜ್ಯದಲ್ಲೇ ಇದೆ. ಕರ್ನಾಟಕ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 11ಕ್ಕೆ ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ ಮತ್ತು ಸಮಾಜಸೇವೆಯಲ್ಲಿ ಅನುಭವವುಳ್ಳವರನ್ನು ರಾಜ್ಯಪಾಲರು ಸರ್ಕಾರದ ಸಲಹೆಯ ಮೇರೆಗೆ ನಾಮನಿರ್ದೇಶನ ಮಾಡುತ್ತಾರೆ. ಶಾಲಾ ಶಿಕ್ಷಣ, ದಾದಿಯರ ವೃತ್ತಿ, ಸಂಗೀತ, ಹಾಕಿಯಂಥ ಕ್ಷೇತ್ರಗಳಲ್ಲಿ ಈ ಸಮುದಾಯದ ದುಡಿಮೆ ದೊಡ್ಡದು; ಅವರಲ್ಲಿ ಸಮಾಜಸೇವೆಯ ಅಥವಾ ಕಲೆಯ ಹೆಸರಿನಲ್ಲಿ ಪರಿಷತ್ತಿಗೆ ಅರ್ಹರಾದವರು ಸಿಗದೆ ಹೋಗುವುದಿಲ್ಲ. ನಿವೃತ್ತ ರಾಜಕಾರಣಿಗಳಿಗೂ ಟಿಕೆಟ್ ತಪ್ಪಿದವರಿಗೂ ಸಮಾಧಾನಕ್ಕೆಂದು ಹಂಚುತ್ತಿರುವ ಆ ಹನ್ನೊಂದರಲ್ಲಿ ಒಂದನ್ನು ಕೇಳಲು ಸಮುದಾಯದ ಸಂಘಗಳಿಗೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಮುಂದಿನ ಸಲ ಆ ಸ್ಥಾನಗಳು ತೆರವಾಗುವ ಮೊದಲೇ, ಪಕ್ಷಗಳು ಹೆಸರು ಗೊತ್ತುಮಾಡುವುದಕ್ಕೆ ಮುಂಚೆ, ಸಂಘಗಳು ತಾವೇ ಒಮ್ಮತದಿಂದ ಒಂದು ಹೆಸರನ್ನು ಆರಿಸಿ ಮುಖ್ಯಮಂತ್ರಿಗಳಿಗೆ ಲಿಖಿತವಾಗಿ ಕೊಡುವುದು ಒಳ್ಳೆಯದು. ಹಾಗೆ ಮಾಡಿದರೆ 333ನೇ ವಿಧಿ ಎಂದೂ ಕೊಡದಿದ್ದ ಆಯ್ಕೆಯ ಹಕ್ಕನ್ನು ಸ್ವಲ್ಪಮಟ್ಟಿಗಾದರೂ ಸಮುದಾಯವೇ ಚಲಾಯಿಸಿದಂತಾಗುತ್ತದೆ.